ನೀರಿನ ಮೀಟರ್ ಸರ್ವೀಸ್ ರಿವ್ಯೂ: ಮೀಟರಿಗೆ 3 ಸ್ಟಾರ್, ಜಗಳ ಬಗೆಹರಿಸಿದ್ದಕ್ಕೆ ನಾಲ್ಕೂವರೆ

ಸೊಸೈಟಿಲಿ ನೀರಿನ ಜಗಳ ಇರೋರು ಮಾತ್ರ ಓದಿ, ಬಾಕಿಯವ್ರಿಗೆ ಬೋರ್ ಹೊಡಿಯುತ್ತೆ. ನಾವು ತಗೊಂಡಿದ್ದು ಒಂದು ಪ್ಯಾಕೇಜು. ಮೊದ್ಲು ಇಡೀ ಬಿಲ್ಡಿಂಗ್ ನೀರಿನ ಆಡಿಟ್, ಆಮೇಲೆ ಮನೆಮನೆಗೂ ಮೀಟರ್, ಅದಾದ್ಮೇಲೆ ಒಂದು ವರ್ಷದ ತನಕ ಬಿಲ್ ಬಗ್ಗೆ ಏನೇನು ತಕರಾರು ಬರುತ್ತೋ ಅದನ್ನೆಲ್ಲ ಅವ್ರೇ ಬಂದು ಕೂತು ಬಗೆಹರಿಸಿ ಕೊಡೋದು. ಏಜೆನ್ಸಿ ಹೆಸ್ರು ಹಾಕ್ತಿಲ್ಲ, ಹೊಗಳೋದ್ರ ಜೊತೆ ಬೈಯೋದೂ ಇದೆ ಇದ್ರಲ್ಲಿ, ಅಲ್ದೆ ಈ ಥರ ಕೆಲ್ಸ ಮಾಡೋರು ಈಗ ಬೇಕಾದಷ್ಟು ಜನ ಇದಾರೆ, ನಿಮ್ಗೆ ಸಿಗೋರು ಬೇರೆಯವ್ರೇ ಆಗಿರ್ತಾರೆ. ಏನು ಕೇಳ್ಬೇಕು, ಏನು ಬರೆಸ್ಕೋಬೇಕು ಅನ್ನೋದು ಗೊತ್ತಾದ್ರೆ ಸಾಕು. ಒಂದೇ ಮಾತಲ್ಲಿ ಹೇಳೋದಾದ್ರೆ ಮೀಟರ್ ಯಾರ್ ಬೇಕಾದ್ರೂ ಹಾಕ್ತಾರೆ, ಇವ್ರಿಗೆ ಕೊಟ್ಟ ದುಡ್ಡು ವಸೂಲಾಗಿದ್ದು ಮೀಟರ್ ಹಾಕೋಕೆ ಮುಂಚೆ ನಮ್ಮೆಲ್ಲರ ಹತ್ರ ಸೈನ್ ಹಾಕಿಸ್ಕೊಂಡ ಒಂದು ಕಾಗದದಿಂದ. ಅದರ ವಿಷ್ಯಕ್ಕೆ ಆಮೇಲೆ ಬರ್ತೀನಿ.

ಜಗಳ ಏನಿತ್ತು ಅಂತ ಮೊದ್ಲು ಹೇಳ್ಬಿಡ್ತೀನಿ. ಹತ್ತು ಫ್ಲೋರಿನ ಬ್ಲಾಕುಗಳು, ಎಲ್ಲರಿಗೂ ಸೇರಿ ಒಂದೇ ಸಂಪು, ಬ್ಲಾಕಿಗೊಂದು ಓವರ್‌ಹೆಡ್ ಟ್ಯಾಂಕು. ನೀರಿನ ಖರ್ಚನ್ನ ಮೇಂಟೆನೆನ್ಸ್ ಜೊತೆ ಸೇರಿಸಿ ಸ್ಕ್ವೇರ್ ಫೂಟ್ ಲೆಕ್ಕದಲ್ಲಿ ಹಂಚ್ತಿದ್ರು. ದೊಡ್ಡ ಫ್ಲಾಟಲ್ಲಿ ವಯಸ್ಸಾದ ಗಂಡ ಹೆಂಡ್ತಿ ಇಬ್ರೇ ಇರ್ತಾರೆ, ಸಣ್ಣ ಫ್ಲಾಟಲ್ಲಿ ಆರು ಜನ ಹುಡುಗ್ರು ಶೇರ್ ಮಾಡ್ಕೊಂಡಿರ್ತಾರೆ, ಬಿಲ್ ನೋಡಿದ್ರೆ ಉಲ್ಟಾ. ಮೇಲಿನ ಫ್ಲೋರವ್ರಿಗೆ ಬೆಳಿಗ್ಗೆ ಹೊತ್ತಲ್ಲಿ ಶವರ್ ತಿರುಗಿಸಿದ್ರೆ ನೂಲು ಇಳಿದಂಗೆ ನೀರು ಇಳಿಯೋದು, ಕೆಳಗಿನವ್ರ ನಲ್ಲಿ ತಿರುಗಿಸಿದ್ರೆ ಮುಖಕ್ಕೆ ಹೊಡಿಯೋದು. ಯಾರೋ ಒಬ್ರು ಮನೆ ಒಳಗೆ ಸಣ್ಣ ಬೂಸ್ಟರ್ ಮೋಟ್ರು ಹಾಕ್ಕೊಂಡ್ರು, ಅದನ್ನ ನೋಡಿ ಪಕ್ಕದವ್ರೂ ಹಾಕಿದ್ರು, ಅದರ ಮೇಲಿನವ್ರಿಗೆ ಬರ್ತಿದ್ದ ಅಷ್ಟಿಷ್ಟೂ ನಿಂತೋಯ್ತು. ಬೇಸಿಗೇಲಿ ಟ್ಯಾಂಕರ್ ಖರ್ಚು ಏರ್ದಾಗೆಲ್ಲ ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಹನ್ನೊಂದು ಗಂಟೆಗೂ ಮೆಸೇಜು. ಕಮಿಟಿ ಮೀಟಿಂಗ್ ಕರೆದ್ರೆ ಎತ್ತು ಏರಿಗೆ ಕೋಣ ನೀರಿಗೆ, ಒಂದು ನಿರ್ಧಾರ ಆಗ್ತಿರ್ಲಿಲ್ಲ. ಹೀಗಿರೋ ಸೊಸೈಟಿಗಳು ಲೋಕದಲ್ಲಿ ಎಷ್ಟಿವೆಯೋ, ಹೆಚ್ಚು ಹೇಳಲ್ಲ.

ನಾವೆಲ್ಲ ಅಂದ್ಕೊಂಡಿದ್ದು ಇವ್ರು ಬಂದ ತಕ್ಷಣ ಮೀಟರ್ ಬಾಕ್ಸ್ ಬಿಚ್ಚಿ ಕೆಲ್ಸ ಶುರು ಮಾಡ್ತಾರೆ ಅಂತ. ಅದು ಬಿಟ್ಟು ಒಬ್ಬ ಎಂಜಿನಿಯರ್ ಹುಡ್ಗ ಒಂದು ಪ್ರೆಶರ್ ಗೇಜು, ಹತ್ತು ಲೀಟರಿನ ಒಂದು ಬಕೆಟ್ಟು ಹಿಡ್ಕೊಂಡು ಬಂದ. ಗ್ರೂಪಲ್ಲಿ ಅತಿ ಹೆಚ್ಚು ಕಿತ್ತಾಡ್ತಿದ್ದ ಇಬ್ರನ್ನೇ, ಗ್ರೌಂಡ್ ಫ್ಲೋರ್ ಅಂಕಲ್ ಮತ್ತೆ ಟಾಪ್ ಫ್ಲೋರ್ ಮೇಡಂನ, ಜೊತೇಲಿ ಕರ್ಕೊಂಡು ಹೋದ. ಮೊದ್ಲು ಅಂಕಲ್ ಮನೆ ಬಾತ್‌ರೂಮ್ ನಲ್ಲಿಗೆ ಗೇಜ್ ಸಿಕ್ಕಿಸಿದ, ಮುಳ್ಳು 3 ಬಾರ್ (ಪ್ರೆಶರ್ ಅಳೆಯೋ ಲೆಕ್ಕ) ದಾಟಿ ನಿಂತ್ಕೊಳ್ತು. ಆಮೇಲೆ ನಲ್ಲಿ ಪೂರ್ತಿ ತಿರುಗಿಸಿ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ಹಿಡಿದ, 40 ಸೆಕೆಂಡಿಗೆ ಬಕೆಟ್ ತುಂಬ್ತು. ಲಿಫ್ಟಲ್ಲಿ ಎಲ್ಲರೂ ಮೇಲೆ ಹೋದ್ರು. ಅಲ್ಲಿ ಗೇಜು ಅರ್ಧ ಬಾರ್ ಕೂಡ ತೋರಿಸ್ಲಿಲ್ಲ, 0.4 ಅಷ್ಟೇ, ಅದೇ ಬಕೆಟ್ ತುಂಬೋಕೆ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ ಆಯ್ತು. ಅಲ್ಲೀವರೆಗೂ ಸುಮ್ನಿದ್ದ ಅಂಕಲ್, "ನೋಡಮ್ಮ, ನಾನು ನೀರು ಚೆಲ್ತೀನಿ ಅಂತ ಗ್ರೂಪಲ್ಲಿ ಹಾಕಿದ್ಯಲ್ಲ, ಈಗ ಏನಂತೀಯ" ಅಂದ್ರು. ಮೇಡಂ ಬಿಡ್ತಾರಾ, "ಸರಿ ಅಂಕಲ್, ಆದ್ರೂ ಬಕೆಟ್ ತುಂಬಿದ್ಮೇಲೂ ನಲ್ಲಿ ಓಡ್ತಾನೇ ಇತ್ತು, ಅದನ್ನೂ ನೋಡಿದ್ವಿ" ಅಂದ್ರು. ಎಂಜಿನಿಯರ್ ಹುಡ್ಗ ನಗು ತಡ್ಕೊಂಡು ಗೇಜ್ ಬಿಚ್ಚೋದ್ರಲ್ಲೇ ಮುಳುಗೋದ.

ಅವ್ನು ಆಮೇಲೆ ಹೇಳಿದ ಲೆಕ್ಕ ಇದು, ಮೇಲಿನ ಟ್ಯಾಂಕಿಂದ ನೀರು ತಾನಾಗೇ ಇಳಿಯೋ ಎಲ್ಲಾ ಬಿಲ್ಡಿಂಗಿಗೂ ಒಂದೇ ಥರ ಅನ್ವಯಿಸುತ್ತೆ. ಟ್ಯಾಂಕಿಂದ ಕೆಳಗೆ ಇಳಿದಂಗೆಲ್ಲ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಪ್ರೆಶರ್ ಏರುತ್ತೆ. ಟಾಪ್ ಫ್ಲೋರ್ ನಲ್ಲಿ ಟ್ಯಾಂಕಿಂದ ನಾಲ್ಕು ಮೀಟರ್ ಕೆಳಗಿದ್ರೆ 0.4 ಬಾರ್, ಗ್ರೌಂಡ್ ಫ್ಲೋರಿಗೆ ಮೂವತ್ತು ಮೀಟರ್ ಚಿಲ್ಲರೆ ಇಳಿದ್ರೆ 3 ಬಾರ್ ಮೇಲೆ. ಆದ್ರೆ ಪ್ರೆಶರ್ ಏಳೆಂಟು ಪಟ್ಟು ಅಂದ ಮಾತ್ರಕ್ಕೆ ನೀರೂ ಏಳೆಂಟು ಪಟ್ಟು ಬರಲ್ಲ, ಹರಿವು ಹೆಚ್ಚಾಗೋದು ಪ್ರೆಶರಿನ ವರ್ಗಮೂಲದ ಲೆಕ್ಕದಲ್ಲಿ, ಅಂದ್ರೆ ಎರಡೂಮುಕ್ಕಾಲು ಪಟ್ಟು ಆಸುಪಾಸು, ಬಕೆಟ್ ತೋರಿಸಿದ್ದೂ ಅದನ್ನೇ. ಹಾಗಾಗಿ ಇಬ್ರೂ ಅಷ್ಟೇ ಹೊತ್ತು ಸ್ನಾನ ಮಾಡಿದ್ರೂ ಕೆಳಗಿನವ್ರ ಮನೇಲಿ ಎರಡು ಪಟ್ಟಿಗಿಂತ ಜಾಸ್ತಿ ನೀರು ಹೋಗುತ್ತೆ, ಇದ್ರಲ್ಲಿ ಯಾರ ಸ್ವಭಾವದ ತಪ್ಪೂ ಇಲ್ಲ, ಬಿಲ್ಡರ್ ಕೆಳಗಿನ ಫ್ಲೋರುಗಳಿಗೆ ಪ್ರೆಶರ್ ಇಳಿಸೋ ವಾಲ್ವ್ ಹಾಕಿರ್ಲಿಲ್ಲ ಅಷ್ಟೇ. ಪಿ.ಆರ್.ವಿ ಅಂತಾರೆ ಅದಕ್ಕೆ. ಕೆಳಗಿನ ಅರ್ಧಕ್ಕೆ ಅದನ್ನ ಕೂರಿಸಿ, ಮೇಲಿನ ಎರಡು ಫ್ಲೋರಿಗೆ ಟ್ಯಾಂಕ್ ಪಕ್ಕದಲ್ಲೇ ಒಂದು ಕಾಮನ್ ಬೂಸ್ಟರ್ ಪಂಪ್ ಇಟ್ರು, ಮನೆ ಒಳಗೆ ಹಾಕ್ಕೊಂಡಿದ್ದ ಮೋಟ್ರುಗಳ್ನ ಬಿಚ್ಚಿಸಿದ್ರು. ಇನ್ನೂ ಒಂದು ಮೀಟರ್ ಹಾಕಿಲ್ಲ, ಆಗ್ಲೇ ಅರ್ಧ ಜಗಳ ತಣ್ಣಗಾಗಿತ್ತು. ಈ ಆಡಿಟ್ ಭಾಗಕ್ಕೆ ನಾನು ಕಣ್ಮುಚ್ಕೊಂಡು 5 ಸ್ಟಾರ್ ಕೊಡ್ತೀನಿ.

ಆಡಿಟಲ್ಲೇ ಇನ್ನೊಂದು ಟೆಸ್ಟ್ ಮಾಡಿದ್ರು, ಅದನ್ನ ದುಡ್ಡು ಕೊಡದೆ ನೀವೂ ಮಾಡ್ಕೋಬಹುದು. ರಾತ್ರಿ 2 ರಿಂದ 4 ಗಂಟೆ ತನಕ ಯಾರೂ ನೀರು ಮುಟ್ಬೇಡಿ ಅಂತ ಹಿಂದಿನ ದಿನಾನೇ ನೋಟಿಸ್ ಅಂಟಿಸಿದ್ರು, ಟ್ಯಾಂಕಿಗೆ ನೀರು ಬರೋ ವಾಲ್ವ್ ಬಂದ್ ಮಾಡಿದ್ರು, ಟ್ಯಾಂಕ್ ಒಳಗೆ ಸ್ಕೇಲ್ ಇಳಿಬಿಟ್ಟು ಮಟ್ಟ ಬರ್ಕೊಂಡ್ರು. ಟ್ಯಾಂಕ್ 4 ಮೀಟರ್ ಉದ್ದ 3 ಮೀಟರ್ ಅಗಲ ಇದ್ರೆ ಒಂದು ಸೆಂಟಿಮೀಟರ್ ಇಳಿದ್ರೆ 120 ಲೀಟರ್ ಹೋಯ್ತು ಅಂತ ಲೆಕ್ಕ. ನಮ್ಮ ಬ್ಲಾಕಲ್ಲಿ ಆ ಎರಡು ಗಂಟೇಲಿ 5 ಸೆಂಟಿಮೀಟರ್ ಇಳಿದಿತ್ತು, ಎಲ್ಲಾ ನಿದ್ದೆ ಮಾಡ್ತಿರೋ ಹೊತ್ತಲ್ಲಿ 600 ಲೀಟರ್, ಇದೇ ಲೆಕ್ಕದಲ್ಲಿ ದಿನಕ್ಕೆ 7,200 ಲೀಟರ್. ಮನುಷ್ಯನಿಗೆ ಮೂಲಭೂತ ಅಗತ್ಯಕ್ಕೆ ದಿನಕ್ಕೆ 50 ರಿಂದ 100 ಲೀಟರ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆ 100ನ್ನೇ ಹಿಡಿದ್ರೂ 72 ಜನರ ನೀರು ಯಾರಿಗೂ ಸಿಗದೆ ಮೋರಿಗೆ ಹೋಗ್ತಿತ್ತು. ನಾವು ಇಲ್ಲಿ ಸ್ಕ್ವೇರ್ ಫೂಟಾ ತಲೆ ಎಣಿಕೇನಾ ಅಂತ ಹೊಡ್ದಾಡ್ತಿದೀವಿ.

ಎಲ್ಲಿ ಹೋಗ್ತಿದೆ ಅಂತ ಹುಡುಕಿದ್ದೂ ಚೆನ್ನಾಗಿತ್ತು. ಡಕ್ಟಲ್ಲಿ, ಅಂದ್ರೆ ಪೈಪುಗಳಿಗೆ ಅಂತ ಬಿಟ್ಟಿರೋ ಸಂದಿಯಲ್ಲಿ, ಇಳಿಯೋ ಪೈಪುಗಳ ವಾಲ್ವ್‌ಗಳ್ನ ಒಂದೊಂದಾಗಿ ಮುಚ್ತಾ ಬಂದ್ರು, ಯಾವುದನ್ನ ಮುಚ್ಚಿದಾಗ ಮಟ್ಟ ಇಳಿಯೋದು ನಿಲ್ಲುತ್ತೋ ಅದೇ ಕಳ್ಳ. ಹೆಚ್ಚಿಂದು ಸಿಕ್ಕಿದ್ದು ಫ್ಲಶ್ ಟ್ಯಾಂಕುಗಳಲ್ಲಿ, ಒಳಗಿನ ರಬ್ಬರ್ ಹೋಗಿರುತ್ತೆ, ನೀರು ಕಮೋಡ್ ಗೋಡೆ ಮೇಲೆ ಸಣ್ಣಕ್ಕೆ ಜಾರ್ತಾ ಇರುತ್ತೆ, ಸದ್ದಿಲ್ಲ ಸುದ್ದಿಲ್ಲ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಫ್ಲಶ್ ಮಾಡ್ದೆ ಹದಿನೈದು ನಿಮಿಷ ಬಿಟ್ಟು ನೋಡಿ, ಕಮೋಡ್ ಒಳಗೆ ಬಣ್ಣ ಕಂಡ್ರೆ ಲೀಕ್ ಇದೆ ಅಂತ. ಇಂಥ ಒಂದೇ ಟಾಯ್ಲೆಟ್ ಕೆಟ್ಟು ಕೂತ್ರೆ ದಿನಕ್ಕೆ ನೂರಾರು ಲೀಟರ್ ಹೋಗುತ್ತೆ. ಇನ್ನೊಂದು ಬ್ಲಾಕಲ್ಲಿ ಟ್ಯಾಂಕ್ ತುಂಬಿದ್ಮೇಲೆ ನೀರು ನಿಲ್ಲಿಸ್ಬೇಕಾದ ಫ್ಲೋಟ್ ವಾಲ್ವ್ ಪೂರ್ತಿ ಮುಚ್ಕೊಳ್ದೆ ನೀರು ತುಂಬಿ ಹರೀತಿತ್ತು, ಟ್ಯಾಂಕಿನ ಓವರ್‌ಫ್ಲೋ ಪೈಪು ಸೀದಾ ಮಳೆನೀರಿನ ಪೈಪಿಗೆ ಸೇರ್ಕೊಂಡಿತ್ತು, ಹೊರಗಿಂದ ಯಾರಿಗೂ ಕಾಣ್ತಿರ್ಲಿಲ್ಲ. ಓವರ್‌ಫ್ಲೋ ಪೈಪಿನ ಬಾಯಿ ಯಾವತ್ತೂ ವಾಚ್‌ಮನ್ ಕಣ್ಣಿಗೆ ಬೀಳೋ ಜಾಗದಲ್ಲೇ ಇರ್ಬೇಕು. ಇದನ್ನ ಬಿಲ್ಡರುಗಳು ಯಾಕೆ ಮಾಡಲ್ವೋ ದೇವ್ರೇ ಬಲ್ಲ.

ಈಗ ಆ ಕಾಗದದ ವಿಷ್ಯ. ಮನೆಮನೆಗೂ ಮೀಟರ್ ಹಾಕಿದ್ರೆ ಜಗಳ ಮುಗೀತು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ಮುಗಿಯಲ್ಲ, ಹೊಸ ಜಗಳ ಶುರುವಾಗುತ್ತೆ. ಯಾಕಂದ್ರೆ ಮೇನ್ ಮೀಟರ್ 100 ತೋರಿಸಿದ್ರೆ ಮನೆಗಳ ಮೀಟರೆಲ್ಲ ಕೂಡಿಸಿದ್ರೆ ಯಾವತ್ತೂ 100 ಬರಲ್ಲ, 85 ಬರುತ್ತೆ, 90 ಬರುತ್ತೆ. ಮಿಕ್ಕಿದ್ದು ಯಾರ ತಲೆಗೆ? ಗಾರ್ಡನ್ನು, ಕಾಮನ್ ಟಾಯ್ಲೆಟ್ಟು, ಟ್ಯಾಂಕ್ ತೊಳೆಯೋದು, ಪೈಪ್ ಲೀಕು, ಎಲ್ಲಾ ಅದ್ರಲ್ಲೇ ಇರುತ್ತೆ. ಮೀಟರುಗಳ ಮಿತೀನೂ ಸೇರಿರುತ್ತೆ, ಇದನ್ನ ಮಾರೋರು ಯಾರೂ ಬಾಯ್ಬಿಟ್ಟು ಹೇಳಲ್ಲ. ಐಎಸ್ಒ 4064 ಅಂತ ನೀರಿನ ಮೀಟರಿಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಅದ್ರ ಪ್ರಕಾರ ಮನೆಗೆ ಹಾಕೋ ಸಾಮಾನ್ಯ ಕ್ಲಾಸ್ 2 ತಣ್ಣೀರಿನ ಮೀಟರ್ ಒಳ್ಳೆ ಹರಿವಲ್ಲಿ 2 ಪರ್ಸೆಂಟ್ ತನಕ ಹೆಚ್ಚಾಗೋ ಕಮ್ಮಿಯಾಗೋ ತಪ್ಪು ತೋರಿಸ್ಬಹುದು, ಸಣ್ಣ ಹರಿವಲ್ಲಿ 5 ಪರ್ಸೆಂಟ್ ತನಕ. ಅದಕ್ಕಿಂತ ಸಣ್ಣ ಹರಿವಾದ್ರೆ ಗ್ಯಾರಂಟೀನೇ ಇಲ್ಲ. ಮೀಟರ್ ಮೇಲೆ ಕ್ಯೂ3, ಆರ್ ಅಂತ ಬರೆದಿರುತ್ತೆ ನೋಡಿ, ಕ್ಯೂ3 ಅಂದ್ರೆ ಗಂಟೆಗೆ ಎಷ್ಟು ಸಾವಿರ ಲೀಟರ್ ತನಕ ಮೀಟರ್ ಸತತವಾಗಿ ಅಳೆಯುತ್ತೆ ಅಂತ, ಆರ್ ಅಂದ್ರೆ ಅದು ಅಳೆಯೋ ಅತಿ ಸಣ್ಣ ಹರಿವಿನ ಎಷ್ಟು ಪಟ್ಟು ಅಂತ, ಕ್ಯೂ3 2.5 ಆರ್ 160 ಅಂತಿದ್ರೆ 2,500 ಲೀಟರನ್ನ 160ರಿಂದ ಭಾಗಿಸಿ, ಗಂಟೆಗೆ 15.6 ಲೀಟರ್ ಬರುತ್ತೆ. ಅದಕ್ಕಿಂತ ನಿಧಾನಕ್ಕೆ ಹರಿಯೋ ನೀರನ್ನ ಆ ಮೀಟರ್ ಸರಿಯಾಗಿ ಎಣಿಸ್ಲೇಬೇಕು ಅಂತ ಕಾನೂನಿಲ್ಲ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕೋ ನಲ್ಲಿ ಗಂಟೆಗೆ ಒಂದು ಲೀಟರ್ ಆಸುಪಾಸು, ವರ್ಷಕ್ಕೆ 8,000 ಲೀಟರ್ ಮೇಲಾಗುತ್ತೆ, ಅದು ಮನೆ ಮೀಟರ್ ಕಣ್ಣಿಗೆ ಬೀಳದೇ ಹೋಗ್ಬಹುದು, ಆದ್ರೆ ಸಂಪಿಂದ ಮಾತ್ರ ಹೋಗಿರುತ್ತೆ.

ಹಾಗಾಗಿ ಏಜೆನ್ಸಿ ಕಡೆಯಿಂದ ಬಂದಿದ್ದ ಇನ್ನೊಬ್ರು ಮೇಡಂ, ಪಂಚಾಯ್ತಿ ಮಾಡೋದೇ ಅವ್ರ ಕೆಲ್ಸ ಅನ್ಕೊಳ್ಳಿ, ಜನರಲ್ ಬಾಡಿ ಮೀಟಿಂಗಲ್ಲಿ ನಿಂತು ಒಂದೇ ಪ್ರಶ್ನೆ ಇಟ್ರು. "ಈ ವ್ಯತ್ಯಾಸದ ನೀರನ್ನ ಯಾರು ಹೊರ್ತೀರಾ ಅಂತ ಇವತ್ತೇ ಬರೆದು ಕೊಡಿ, ಯಾರಿಗೆ ಎಷ್ಟು ಬಿಲ್ ಬರುತ್ತೆ ಅನ್ನೋದು ಯಾರಿಗೂ ಗೊತ್ತಿಲ್ದೆ ಇರೋವಾಗ್ಲೇ ಇದನ್ನ ತೀರ್ಮಾನ ಮಾಡ್ಕೋಬೇಕು, ಗೊತ್ತಾದ್ಮೇಲೆ ಒಬ್ರೂ ಒಪ್ಪಲ್ಲ." ಎಷ್ಟು ನಿಜ ಅಲ್ವಾ. ಬಿಲ್ ಕೈಗೆ ಬಂದ್ಮೇಲೆ ನ್ಯಾಯ ಮಾತಾಡೋರು ಯಾರು ಸ್ವಾಮಿ, ಎಲ್ಲರೂ ತಮ್ಮ ತಮ್ಮ ಫ್ಲಾಟ್ ನಂಬರ್ ಹಿಡ್ಕೊಂಡೇ ಮಾತಾಡೋದು.

ಸಂಜೆ ಶುರುವಾದ ಮೀಟಿಂಗು ರಾತ್ರಿ ಊಟದ ಹೊತ್ತು ಮೀರಿ ನಡೀತು. ಕೊನೆಗೆ ಒಪ್ಕೊಂಡಿದ್ದು ಹೀಗೆ, ಗಾರ್ಡನ್ನಿಗೆ ಮತ್ತೆ ಕಾಮನ್ ಏರಿಯಾಗೆ ಅದರದ್ದೇ ಮೀಟರ್ ಹಾಕೋದು, ಆ ಖರ್ಚು ಮೊದಲಿನ ಹಾಗೆ ಮೇಂಟೆನೆನ್ಸಿಗೆ ಸೇರೋದು. ಅದಾದ್ಮೇಲೂ ಉಳಿಯೋ ವ್ಯತ್ಯಾಸ 10 ಪರ್ಸೆಂಟ್ ಒಳಗಿದ್ರೆ ಎಲ್ಲಾ ಫ್ಲಾಟಿಗೂ ಸಮ ಹಂಚೋದು. 10 ದಾಟಿದ್ರೆ ದಾಟಿದ ಭಾಗನ ಯಾರ ಬಿಲ್ಲಿಗೂ ಹಾಕೋ ಹಾಗಿಲ್ಲ, ರಿಸರ್ವ್ ಫಂಡಿಂದ ಕೊಟ್ಟು ಕಮಿಟಿ ಲೀಕ್ ಹುಡುಕ್ಬೇಕು. ಈ ಕೊನೇ ಶರತ್ತೇ ಚಿನ್ನದಂಥದ್ದು. ಮೊದ್ಲೆಲ್ಲ ಲೀಕ್ ಆದ್ರೆ ಕಮಿಟಿಗೆ ಏನೂ ನೋವಿರ್ಲಿಲ್ಲ, ಎಲ್ಲರ ಮೇಲೆ ಹಂಚಿ ಕೈ ತೊಳ್ಕೊಳ್ತಿದ್ರು, ಈಗ ಫಂಡ್ ಕರಗುತ್ತೆ ಅಂತ ಟ್ರೆಷರರ್ರೇ ಡಕ್ಟ್ ಬಾಗಿಲು ತೆಗೆದು ಟಾರ್ಚ್ ಬಿಡ್ತಾರೆ. ದರದ ವಿಷ್ಯದಲ್ಲೂ ಒಂದು ನಡು ದಾರಿ ಹಿಡಿದ್ರು. ಮನೇಲಿ ಇರೋ ತಲೆ ಲೆಕ್ಕದಲ್ಲಿ ಮೊದಲ ಸ್ಲ್ಯಾಬ್ ಕಮ್ಮಿ ದರಕ್ಕೆ, ಅದರಾಚೆ ಬಳಸಿದ್ದಕ್ಕೆ ಜಾಸ್ತಿ. ತಲೆ ಲೆಕ್ಕ ಸುಳ್ಳು ಹೇಳ್ತಾರೆ ಅಂತ ಕೆಲವ್ರು ಎಗರಾಡಿದ್ರು, ಹೇಳ್ತಾರೆ, ನಿಜ, ಆದ್ರೆ ಫ್ಲಾಟಿಗಿಷ್ಟು ಅಂತ ಇಟ್ರೆ ದೊಡ್ಡ ಸಂಸಾರದವ್ರಿಗೆ ಅನ್ಯಾಯ ಅನ್ನೋದು ಇನ್ನೂ ದೊಡ್ಡ ಸತ್ಯ. ಹಾಸಿಗೆ ಹಿಡಿದ ರೋಗಿ ಇರೋ ಮನೆಗೆ ಮೊದಲ ಸ್ಲ್ಯಾಬ್ ದೊಡ್ಡದು ಮಾಡ್ಬೇಕು ಅಂತ ಯಾರೋ ಹಿಂದಿನ ಸಾಲಿಂದ ಎದ್ದು ಹೇಳಿದ್ರು, ಅದಕ್ಕೆ ಮಾತ್ರ ಒಬ್ರೂ ಎದುರು ಮಾತಾಡ್ಲಿಲ್ಲ.

ಬಾಡಿಗೆಯವ್ರನ್ನೂ ಆ ಮೀಟಿಂಗಿಗೆ ಕರೀಬೇಕು ಅಂತ ಏಜೆನ್ಸಿಯವ್ರು ಪಟ್ಟು ಹಿಡಿದಿದ್ರು, ಓಟು ಓನರಿಗೇ ಇರ್ಲಿ, ಮಾತು ನೀರು ಬಳಸೋರಿಗೂ ಇರ್ಲಿ ಅಂತ. ಇದು ನಂಗೆ ತುಂಬಾ ಹಿಡಿಸ್ತು.

ಇನ್ನು ಮೀಟರ್. ಇಲ್ಲಿ ಬೈಗುಳ ಶುರು. ಒಂದೊಂದು ಫ್ಲಾಟಿಗೆ ಒಂದೇ ಪೈಪಿಂದ ನೀರು ಬರೋ ಹಾಗಿದ್ರೆ ಒಂದು ಮೀಟರ್ ಸಾಕು, ನಮ್ಮಲ್ಲಿ ಅಡುಗೆಮನೆಗೊಂದು, ಎರಡು ಬಾತ್‌ರೂಮಿಗೆ ಎರಡು, ಬಟ್ಟೆ ಒಗೆಯೋ ಜಾಗಕ್ಕೊಂದು ಅಂತ ಬೇರೆ ಬೇರೆ ಡಕ್ಟಿಂದ ಬರುತ್ತೆ, ಅಷ್ಟಕ್ಕೂ ಮೀಟರ್ ಬೇಕು. ಕೊಟೇಶನ್ ಕೊಡೋವಾಗ ಇದನ್ನ ನೋಡದೆ ಕೊಟ್ಟು ಆಮೇಲೆ ಲೆಕ್ಕ ಏರಿಸಿದ್ರು, ಆಡಿಟ್ ಮಾಡಿದ ಜಾಣರೇ ಹಿಂಗೆ ಮಾಡಿದ್ದು ನೋಡಿ ನಂಗೆ ನಗು ಬಂತು. ಮೆಕ್ಯಾನಿಕಲ್ ಮಲ್ಟಿಜೆಟ್ ಮೀಟರು, ಅಂದ್ರೆ ನೀರು ಒಳಗಿನ ಚಕ್ರ ತಿರುಗಿಸಿ ಎಣಿಸೋ ಮೀಟರು, ಡಯಲ್ ಮೇಲ್ಮುಖವಾಗಿ ಅಡ್ಡ ಪೈಪಿನ ಮೇಲೆ ಮಟ್ಟಸವಾಗಿ ಕೂರ್ಬೇಕು, ವಾಲಿದ್ರೆ ಸಣ್ಣ ಹರಿವು ಎಣಿಸೋ ಸೂಕ್ಷ್ಮ ಕಳ್ಕೊಳ್ಳುತ್ತೆ. ಡಕ್ಟಲ್ಲಿ ಜಾಗ ಇಲ್ಲ ಅಂತ ಕೆಲವು ಕಡೆ ಓರೆಯಾಗಿ ಸಿಕ್ಕಿಸಿ ಹೋಗಿದ್ರು, ಫೋಟೋ ತೆಗೆದು ಕಳಿಸಿದ್ಮೇಲೆ ಬಂದು ಸರಿ ಮಾಡಿದ್ರು, ಅದೂ ಫಾಲೋಅಪ್ ಮಾಡಿ ಮಾಡಿ ನಮ್ಮ ಸೆಕ್ರೆಟರಿ ಗಂಟಲು ಹೋಯ್ತು.

ಇನ್ನೊಂದು ತಲೆನೋವು ಗಾಳಿ. ಟ್ಯಾಂಕ್ ಖಾಲಿಯಾಗಿ ಪೈಪೆಲ್ಲ ಒಣಗಿ ಮತ್ತೆ ನೀರು ಬಿಟ್ಟಾಗ ಒಳಗಿದ್ದ ಗಾಳಿ ಮೊದ್ಲು ನುಗ್ಗುತ್ತೆ, ಮೆಕ್ಯಾನಿಕಲ್ ಮೀಟರಿನ ಚಕ್ರಕ್ಕೆ ಗಾಳಿ ಯಾವ್ದು ನೀರು ಯಾವ್ದು ಅಂತ ಗೊತ್ತಾಗಲ್ಲ, ಗರಗರ ತಿರುಗಿಬಿಡುತ್ತೆ. ಶಬ್ದದ ಅಲೆಯಿಂದ ಹರಿವು ಅಳೆಯೋ ಅಲ್ಟ್ರಾಸಾನಿಕ್ ಮೀಟರಲ್ಲಿ ತಿರುಗೋ ಭಾಗಾನೇ ಇಲ್ಲ, ಪೈಪಲ್ಲಿ ನೀರು ತುಂಬಿಲ್ಲ ಅಂದ್ರೆ ಎಣಿಸೋದೇ ನಿಲ್ಸುತ್ತೆ, ಸಣ್ಣ ಹರಿವನ್ನೂ ಚೆನ್ನಾಗಿ ಹಿಡಿಯುತ್ತೆ, ಆದ್ರೆ ದುಬಾರಿ, ಬ್ಯಾಟರಿ ಮುಗಿದ್ರೆ ಸಾಮಾನ್ಯವಾಗಿ ಮೀಟರನ್ನೇ ಬದಲಾಯಿಸ್ಬೇಕು. ನಾವು ಮೆಕ್ಯಾನಿಕಲ್ ತಗೊಂಡ್ವಿ. ದಿನಾ ಟ್ಯಾಂಕ್ ಖಾಲಿಯಾಗೋ ಜಾಗದಲ್ಲಿದ್ರೆ ನೀವು ದುಡ್ಡು ಸೇರಿಸಿ ಅಲ್ಟ್ರಾಸಾನಿಕ್ಕೇ ಹಾಕಿಸಿ, ಅಥವಾ ಡಕ್ಟ್ ಪೈಪಿನ ತುದೀಲಿ ಗಾಳಿ ಹೊರಗೆ ಹೋಗೋಕೆ ಏರ್ ವಾಲ್ವ್ ಆದ್ರೂ ಇಡಿಸಿ. ಆಪ್ ಬಗ್ಗೆ ಏನ್ ಹೇಳೋದು, ಇದೆ, ಓಪನ್ ಆಗುತ್ತೆ, ಕೆಲವೊಮ್ಮೆ ನಿನ್ನೆ ರೀಡಿಂಗನ್ನ ನಾಳೆ ತೋರಿಸುತ್ತೆ. ವಯಸ್ಸಾದವ್ರು ಡಕ್ಟ್ ಬಾಗಿಲು ತೆಗೆದು ಕನ್ನಡಕ ಏರಿಸಿ ಡಯಲ್ಲೇ ಓದ್ಕೊಳ್ತಾರೆ, ಅದೇ ವಾಸಿ.

ತಕರಾರು ಬಗೆಹರಿಸೋ ಭಾಗಕ್ಕೆ ಬರ್ತೀನಿ, ನಿಜವಾಗ್ಲೂ ರಿವ್ಯೂ ಬರೀಬೇಕು ಅನ್ಸಿದ್ದು ಇದಕ್ಕೇ. ಮೊದಲ ದಿನವೇ ಆ ಪಂಚಾಯ್ತಿ ಮೇಡಂ ಹಾಕಿದ ರೂಲ್ಸು, ನೀರಿನ ವಿಷ್ಯ ಗ್ರೂಪಲ್ಲಿ ಮಾತಾಡೋ ಹಾಗಿಲ್ಲ, ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಲ್ಲಿ ಮೇಜು ಹಾಕ್ತೀವಿ, ದೂರು ಇರೋರು ಬಂದು ಬಾಯಲ್ಲಿ ಹೇಳಿ, ಯಾರ ಮೇಲೆ ದೂರೋ ಅವ್ರೂ ಎದುರಿಗಿರ್ಬೇಕು, ಯಾರ್ ಬೇಕಾದ್ರೂ ಕೂತು ಕೇಳ್ಬಹುದು, ತೀರ್ಮಾನ ಅವತ್ತೇ. ಮೇಜಿನ ಹಿಂದೆ ಅವ್ರ ಜೊತೆ ನಮ್ಮಲ್ಲೇ ಚೀಟಿ ಎತ್ತಿ ಆರಿಸಿದ ಮೂರು ಜನ, ಕಮಿಟಿಯವ್ರು ಆಗೋ ಹಾಗಿಲ್ಲ. ಇದೇನು ಹೊಸ ಐಡಿಯಾ ಅಲ್ಲ ಅಂತ ಅವ್ರೇ ಹೇಳಿದ್ರು. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿಗೆ ಜಗಳ ಆದ್ರೆ ರೈತರೇ ಆರಿಸಿದ ನ್ಯಾಯದ ಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ಅಲ್ಲಿನ ಕೆಥೀಡ್ರಲ್ ಬಾಗಿಲ ಮುಂದೆ ಕೂರುತ್ತೆ, ಎಲ್ಲಾ ಬಾಯ್ಮಾತಲ್ಲೇ, ಎಲ್ಲರ ಎದುರಲ್ಲೇ, ಶತಮಾನಗಳಿಂದ ನಡ್ಕೊಂಡು ಬಂದಿದೆ, ಯುನೆಸ್ಕೋ 2009ರಲ್ಲಿ ಅದನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ಅದೇ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಎಲಿನರ್ ಆಸ್ಟ್ರಂಗೆ, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು, ಲಾಸ್ ಏಂಜಲೀಸ್ ಹತ್ರದ ಅಂತರ್ಜಲಕ್ಕೆ ಜನ ಹೇಗೆ ಕಿತ್ತಾಡಿ ಹೇಗೆ ಒಪ್ಪಂದಕ್ಕೆ ಬಂದ್ರು ಅನ್ನೋದ್ರ ಮೇಲೆ ಪಿಎಚ್‌ಡಿ ಮಾಡಿದವ್ರು. ಹಂಚ್ಕೊಂಡು ಬಳಸೋ ವಸ್ತು ಉಳೀಬೇಕಾದ್ರೆ ನಿಯಮ ಬಳಸೋರೇ ಮಾಡ್ಬೇಕು, ಅಳತೆ ಎಲ್ಲರ ಕಣ್ಣಿಗೂ ಕಾಣ್ಬೇಕು, ತಪ್ಪಿಗೆ ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಲ್ಲಗೆ ಏರ್ಬೇಕು, ಜಗಳ ಬಗೆಹರಿಸೋ ಜಾಗ ಹತ್ರದಲ್ಲೇ ಕಮ್ಮಿ ಖರ್ಚಲ್ಲಿ ಸಿಗ್ಬೇಕು ಅಂತ ಅವ್ರ ಅಧ್ಯಯನ ತೋರಿಸ್ತು.

ಕೇಳೋಕೆ ಭಾಷಣ ಅನ್ಸುತ್ತೆ, ನಡೆದಿದ್ದು ನೋಡಿದ್ರೆ ಬೇರೆ. ಒಂದು ಭಾನುವಾರ ಐದನೇ ಫ್ಲೋರಿನ ಒಬ್ರು ಬಿಲ್ ಎತ್ಕೊಂಡು ಬಂದು ಮೇಜಿನ ಮೇಲೆ ಬಡಿದ್ರು, ಮೀಟರ್ ಓಡ್ತಿದೆ, ನಮ್ಮನೇಲಿ ಅಷ್ಟು ನೀರು ಖರ್ಚಾಗೋಕೆ ಸಾಧ್ಯಾನೇ ಇಲ್ಲ ಅಂತ. ವಾದ ಮಾಡ್ಲಿಲ್ಲ, ಎಂಜಿನಿಯರ್ ಹುಡ್ಗ 20 ಲೀಟರ್ ಕ್ಯಾನ್ ಎತ್ಕೊಂಡ, ಎಲ್ಲರೂ ಅವ್ರ ಮನೆಗೆ ಹೋದ್ವಿ, ಮೀಟರ್ ರೀಡಿಂಗ್ ಬರ್ಕೊಂಡು ಕ್ಯಾನ್ ಗುರುತಿನ ತನಕ ತುಂಬಿ ಮತ್ತೆ ರೀಡಿಂಗ್ ಬರ್ಕೊಂಡ, ಐದು ಸಲ ತುಂಬಿದ್ಮೇಲೆ ಮೀಟರ್ 101 ಲೀಟರ್ ತೋರಿಸ್ತು. ಮೀಟರ್ ಸರಿ ಇದೆ. ಆಮೇಲೆ ಮನೆಯ ಎಲ್ಲಾ ನಲ್ಲಿ ಮುಚ್ಚಿ ಡಯಲ್ ಮೇಲಿನ ಪುಟ್ಟ ಚಕ್ರ ನೋಡಿದ್ರೆ ಅದು ತಿರುಗ್ತಾನೇ ಇದೆ. ಬಾತ್‌ರೂಮಿಗೆ ಹೋಗಿ ಬಣ್ಣ ಹಾಕಿ ನೋಡಿದ್ರೆ ಅದೇ ಫ್ಲಶ್ ಟ್ಯಾಂಕು, ಆಡಿಟ್ ಟೈಮಲ್ಲಿ ಬೀಗ ಹಾಕಿದ್ದ ಮನೆ ಅದು. ಅವ್ರ ಹೆಂಡ್ತಿ, "ನಾನು ಆವಾಗಿಂದ ಹೇಳ್ತಾನೇ ಇದೀನಿ ರೀ, ಅದರೊಳಗೆ ಏನೋ ಸದ್ದು ಬರುತ್ತೆ ಅಂತ" ಅಂದ್ರು, ಅವ್ರು ಗಡಿಯಾರ ನೋಡ್ಕೊಂಡ್ರು. ತೀರ್ಮಾನ, ಬಿಲ್ ಕಟ್ಬೇಕು, ಆದ್ರೆ ಲೀಕ್ ರಿಪೇರಿ ಮಾಡಿ ತೋರಿಸಿದ್ರೆ ಜಾಸ್ತಿ ಸ್ಲ್ಯಾಬಿನ ದರ ಬಿಟ್ಟು ಕಮ್ಮಿ ದರಕ್ಕೆ ಲೆಕ್ಕ, ಒಂದು ಸಲಕ್ಕೆ ಮಾತ್ರ. ಅರ್ಧ ಪುಟದಲ್ಲಿ ಬರೆದು ಇಬ್ರೂ ಸೈನ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದ್ರು. ಅದನ್ನ ನೋಡಿ ಇನ್ನೂ ಕೆಲವ್ರು ದೂರು ಕೊಡೋ ಬದ್ಲು ತಮ್ಮ ತಮ್ಮ ಫ್ಲಶ್ ರಿಪೇರಿ ಮಾಡಿಸ್ಕೊಂಡ್ರು.

ಬಿಲ್ ಕಟ್ಟದೇ ಇರೋರಿಗೆ ನೀರು ಕಟ್ ಮಾಡಿ ಅಂತ ಪ್ರತಿ ಮೀಟಿಂಗಲ್ಲೂ ಯಾರಾದ್ರೂ ಕೂಗ್ತಾರೆ. ಇದಕ್ಕೆ ಏಜೆನ್ಸಿಯವ್ರು ಬಿಲ್‌ಕುಲ್ ಒಪ್ಲಿಲ್ಲ. ಮೊದ್ಲು ಬಾಯ್ಮಾತು, ಆಮೇಲೆ ನೋಟಿಸು, ಆಮೇಲೆ ಬಡ್ಡಿ, ಆಮೇಲೂ ಬಗ್ಗದಿದ್ರೆ ಕಾನೂನು ಪ್ರಕಾರ ವಸೂಲಿ, ಕುಡಿಯೋ ನೀರಿಗೆ ಮಾತ್ರ ಕೈ ಹಾಕೋ ಹಾಗಿಲ್ಲ ಅಂತ ಆ ಕಾಗದದಲ್ಲೇ ಬರೆಸಿದ್ರು. ನನ್ನ ಅಭಿಪ್ರಾಯಾನೂ ಅದೇ. ಸಿಟ್ಟಲ್ಲಿ ವಾಲ್ವ್ ಮುಚ್ಚಿದ್ರೆ ನೀರಿನ ಜಗಳ ಪೊಲೀಸ್ ಸ್ಟೇಷನ್ ಜಗಳ ಆಗುತ್ತೆ, ತಪ್ಪು ಯಾರ್ದೇ ಇರ್ಲಿ ಕಮಿಟಿನೇ ಕಟಕಟೆ ಹತ್ಬೇಕಾಗುತ್ತೆ.

ಎಲ್ಲಾ ಸರಿ ಹೋಯ್ತು ಅಂತ ಹೇಳಲ್ಲ. ಒಂದು ಮನೆಯವ್ರು ಇವತ್ತಿಗೂ ಒಳಗೆ ಬಿಡಲ್ಲ, ಅವ್ರ ಬೂಸ್ಟರ್ ಮೋಟ್ರು ಇದೆಯೋ ಇಲ್ವೋ ಅನ್ನೋದು ಪಕ್ಕದ ಮನೆಯವ್ರ ಗೋಡೆಗೇ ಗೊತ್ತು. ಖಾಲಿ ಫ್ಲಾಟಿನ ಓನರುಗಳು ವ್ಯತ್ಯಾಸದ ನೀರಲ್ಲಿ ಸಮ ಪಾಲು ಯಾಕೆ ಕೊಡ್ಬೇಕು ಅಂತ ಕೇಳ್ತಾನೇ ಇದಾರೆ, ಅವ್ರ ಪ್ರಶ್ನೇಲಿ ನ್ಯಾಯ ಇಲ್ಲ ಅಂತ ಹೇಳೋಕೂ ಆಗಲ್ಲ, ಪೈಪು ಅವ್ರ ಆಸ್ತಿಗೂ ಸೇರಿದ್ದು ಅಂತ ಹೇಳಿ ಸದ್ಯಕ್ಕೆ ಕೂರಿಸಿದೀವಿ. ಮತ್ತೆ ರೀಡಿಂಗ್ ಡೇಟಾ ಎಲ್ಲಾ ಏಜೆನ್ಸಿ ಸರ್ವರಲ್ಲಿದೆ, ಒಂದು ವರ್ಷ ಆದ್ಮೇಲೆ ಬೇರೆಯವ್ರಿಗೆ ಕೊಡೋಣ ಅಂದ್ರೆ ಹಳೇ ಲೆಕ್ಕ ಎಕ್ಸೆಲ್ ಶೀಟಲ್ಲಿ ಕೊಡಿ ಅಂತ ಬೇಡಬೇಕು, ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ನಿಮ್ದು ಹತ್ತು ಹನ್ನೆರಡು ಮನೆಗಳ ಸಣ್ಣ ಬಿಲ್ಡಿಂಗ್ ಆಗಿದ್ರೆ ಇಷ್ಟು ದೊಡ್ಡ ಪ್ಯಾಕೇಜ್ ಬೇಡವೇ ಬೇಡ. ಒಂದು ಗೇಜು, ಒಂದು ಬಕೆಟ್ಟು, ಒಂದು ರಾತ್ರಿ ಟ್ಯಾಂಕ್ ಮಟ್ಟ ನೋಡೋದು, ಫ್ಲಶ್ಶಿಗೆ ಬಣ್ಣ, ಇಷ್ಟು ನೀವೇ ಮಾಡಿ, ಆಮೇಲೂ ಜಗಳ ಉಳಿದಿದ್ರೆ ನೋಡಿ. ದೊಡ್ಡ ಸೊಸೈಟಿ ಆದ್ರೆ ತಗೊಳ್ಳಿ, ಆದ್ರೆ ಮೀಟರ್ ಮಾತ್ರ ಮಾರೋರ ಹತ್ರ ಹೋಗ್ಬೇಡಿ, ವ್ಯತ್ಯಾಸದ ನೀರಿನ ಬಗ್ಗೆ ಅವ್ರಾಗೇ ಮಾತೆತ್ತಿದ್ರೆ ಮಾತ್ರ ಮುಂದಕ್ಕೆ ಹೋಗಿ. ಅಡ್ವಾನ್ಸ್ ಕೊಡೋಕೆ ಮುಂಚೆ ಡಕ್ಟೆಲ್ಲ ತೆಗೆಸಿ ಎಷ್ಟು ಪೈಪು ಅಂತ ಎಣಿಸಿ ಬರೆಸ್ಕೊಳ್ಳಿ, ಪ್ರತಿ ಮೀಟರಿಗೂ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಡೇಟಾ ಸೊಸೈಟಿದೇ ಅಂತ ಅಗ್ರಿಮೆಂಟಲ್ಲಿ ಇರ್ಲಿ. ಮತ್ತೆ ಮೀಟರಿನ ಹಿಂದೊಂದು ಮುಂದೊಂದು ವಾಲ್ವ್, ಮೀಟರಿಗೆ ನೀರು ಬರೋ ಕಡೆ ಕಸ ಹಿಡಿಯೋ ಸ್ಟ್ರೇನರ್ ಇಲ್ದೆ ಹಾಕೋಕೆ ಬಂದ್ರೆ ಕೆಲ್ಸ ನಿಲ್ಲಿಸಿ, ಇಲ್ಲಾಂದ್ರೆ ಒಂದು ಮೀಟರ್ ಕೆಟ್ಟಾಗ ಅದನ್ನ ಬಿಚ್ಚೋಕೆ ಆ ಸಾಲಿನ ಹತ್ತು ಫ್ಲೋರಿಗೂ ನೀರು ಬಂದ್ ಮಾಡ್ಬೇಕಾಗುತ್ತೆ.